ಪಕ್ಕದ ಕಾಳು

ಅವರ ತೋರುಬೆರಳ ತುದಿಗೆ ಸದಾ ಸೀಮೆಸುಣ್ಣದ ಬಿಳುಪು. ಮಾದನಹಿಪ್ಪರಗಾದಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಮಾಸ್ತರರು ದಿನಾ ಬಸ್ಸಿನಲ್ಲಿ ಆಳಂದದ ಕಾಲೇಜಿಗೆ ಹೋಗಿ ಭೌತಶಾಸ್ತ್ರ ಕಲಿಸುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ಚೌಕದ ಮನೆಗಳನ್ನು ಬರೆದು, ಒಂದೊಂದರಲ್ಲಿ ಜೋಳದ್ದೋ ತೊಗರಿಯದೋ ಒಂದು ಕಾಳಿಟ್ಟು, ಬದಲಿಸುತ್ತ ಕೂಡುವರು.

"ಆಡ್ಲಾಕ ಜೋಡಿ ಸಿಗಲಿಲ್ಲೇನ್ರಿ ಮಾಸ್ತರ?" ಎಂದು ನಮ್ಮತ್ತೆ ಕೆಣಕುವರು.

"ಆಟಲ್ರಿ ಯವ್ವಾ, ಅಯಸ್ಕಾಂತದ ಲೆಕ್ಕ. ಅದರೊಳಗಿನ ಕಣ ಪಕ್ಕದ ಕಣ ನೋಡಿ ತಿರಗತಾವ. ಮಂದೀನೂ ಹಂಗ. ಆಜುಬಾಜು ತೊಗರಿ ಹೆಚ್ಚಾದ್ರ ಜೋಳಾನೂ ತೊಗರಿ ಆಗ್ತದ."

ಆ ವರ್ಷ ನನ್ನ ಮಗಳ ಕಾಲಿನಿಂದ ನಾರುಹುಣ್ಣಿನ ಹುಳ ಹೊರಬಿತ್ತು. ನಡುವೆ ಹರಿಯದೆ ಪೂರ್ತಿ ಬಂತು, ಅದೂ ಶಿವನ ದಯೆ. ಬಾವಿ ನೀರಿನಿಂದ ಬರುವ ರೋಗವೆಂದೇ ಓಣಿಗೆ ಕೈಪಂಪು ಹಾಕಿಸಿದ್ದರು. ಆದರೆ ಪಂಪಿನೊಳಗೆ ಚರ್ಮದ ವಾಶರ್ ಇದೆ, ಆ ನೀರು ಲಿಂಗಪೂಜೆಗೆ ಸಲ್ಲದು, ಅದನ್ನು ಕುಡಿದವರ ಮನೆಯಲ್ಲಿ ನೀರು ಮುಟ್ಟಬಾರದು ಎಂದು ಓಣಿಯೆಲ್ಲ ಒಂದೇ ಮಾತು. ನನಗೋ ಸಣ್ಣ ಮಗನ ಕಾಲಿನದೇ ಚಿಂತೆ. ಶಿವ ಕೊಟ್ಟ ಕಾಲು ಕಾಯುವುದೂ ಪೂಜೆಯೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

"ನಾ ಒಬ್ಬಾಕಿ ಪಂಪಿನ ನೀರು ತಂದ್ರ, ನಿಮ್ಮ ಲೆಕ್ಕದಾಗ ಓಣಿ ತಿರಗತದೇನ್ರಿ?" ಎಂದು ಮಾಸ್ತರರನ್ನು ಕೇಳಿದೆ.

ಅವರು ತೊಗರಿಯ ನಡುವೆ ಒಂದೇ ಜೋಳವನ್ನು ಅಂಟು ಹಚ್ಚಿ ಕೂಡಿಸಿದರು. ಲೆಕ್ಕ ಹಾಕುತ್ತ ಸುತ್ತಲಿನ ಕಾಳು ಒಂದೊಂದಾಗಿ ನೋಡಿದರು; ಎಲ್ಲವೂ ತೊಗರಿಯಾಗಿಯೇ ಉಳಿದವು.

"ಇಲ್ರಿ ಅಕ್ಕಾರ. ಒಂಟಿ ಕಾಳಿನಿಂದ ಆಗಂಗಿಲ್ಲ."

"ಆಗದಿದ್ರೂ ತರ್ತೇನಿ," ಎಂದೆ.

ಮರುದಿನ ಪಂಪಿನ ಹತ್ತಿರ ತಿರುಗಿ ನೋಡಿದರೆ ಹೆಗಲ ಮೇಲೆ ಕೊಡ ಹೊತ್ತು ಮಾಸ್ತರರು. ಬಾವಿಗೆ ಹೊರಟ ಹೆಣ್ಣುಮಕ್ಕಳು ಸೆರಗು ಬಾಯಿಗೊತ್ತಿ ನಕ್ಕರು.

"ಲಗ್ನಾ ಮಾಡ್ಕೋರಿ ಮಾಸ್ತರ, ನೀರು ತರಲಾಕಾದ್ರೂ ಹೆಂಡ್ತಿ ಆಗ್ತಾಳ," ಎಂದಳು ಎದುರು ಮನೆಯಾಕೆ.

"ಮಾಡ್ಕೊಳ್ಳೋಣಂತ್ರಿ. ಸದ್ಯ ಈ ಒಂಟಿ ಕಾಳಿಗೆ ಬಾಜೂಕ ಒಂದು ಕಾಳು ಬೇಕಾಗ್ಯಾದ."

ಬಸ್ಸು ತಪ್ಪಿದರೂ ಅವರ ಕೊಡ ತಪ್ಪಲಿಲ್ಲ. ದಿನಾ ನಮ್ಮಿಬ್ಬರ ಬಾಗಿಲು ನೋಡುತ್ತಿದ್ದ ಎದುರು ಮನೆಯಾಕೆಯೇ ಮೊದಲು ಪಂಪಿನ ಕಡೆ ತಿರುಗಿದಳು. ಆಮೇಲೆ ಅವಳ ಪಕ್ಕದ ಮನೆ, ಅದರಾಚೆಯ ಮನೆ. ಕಡೆಗೆ ಅತ್ತೆಯೂ ಲಿಂಗಕ್ಕೆ ಆ ನೀರೆರೆದು, "ಶಿವಗ ನಡೀತದ, ಈ ಓಣಿಯವರಿಗೇನು ಧಾಡಿ ಆಗಿತ್ತು?" ಎಂದರು. ಮಗನ ಕಾಲಿಗೆ ಹುಳ ಬರಲಿಲ್ಲ.

ಮಾಸ್ತರರ ಲೆಕ್ಕವನ್ನು ಓದಿದ ದೊಡ್ಡವರು ಒಪ್ಪಿದರೋ ಇಲ್ಲವೋ ನನಗೆ ತಿಳಿಯದು. ಮಾಸ್ತರರು ತೀರಿಕೊಂಡ ದಿನ, ಬೆಳೆದು ನಿಂತ ನನ್ನ ಮಗ ಹೆಗಲು ಕೊಟ್ಟು ನಡೆದ. ಓಣಿಯ ತಿರುವಿನವರೆಗೂ ನಾನು ಅವನ ಕಾಲನ್ನೇ ನೋಡುತ್ತ ನಿಂತಿದ್ದೆ.