ಮೈತುಂಬಾ ಅಮ್ಮ

ಕೊರೊನಾ ಎರಡನೇ ಅಲೆ ಇಳಿಯುತ್ತಿದ್ದ ಕಾಲ. ನಾನು ಅಕ್ಕೂರಿನ ತವರಲ್ಲಿ ಬಾಣಂತಿ. ಮಗನಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಕೂಸಿನ ಮೈ ಕಾದ ಹೆಂಚು, ಎದೆ ಹೊಟ್ಟೆಯೆಲ್ಲ ಕೆಂಪು ಗುಳ್ಳೆ. ಮೊಲೆ ಬಾಯಿಗಿಟ್ಟರೆ ಚೀಪಲೊಲ್ಲ, ತುಟಿ ಹಾಗೇ ಜಾರುತ್ತಿತ್ತು.

ಅವ್ವ ನೋಡಿದವಳೇ ಕೆನ್ನೆ ಬಡಿದುಕೊಂಡು ಕೈಮುಗಿದಳು. "ಅಮ್ಮ ಆಗೈತೆ ಕಣಮ್ಮಿ!" ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದರೆ ಅದು ಕಾಯಿಲೆಯಲ್ಲ, ದೇವಿಯೇ ಮನೆಗೆ ಬಂದ ಹಾಗೆ. ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು. ಒಗ್ಗರಣೆ ಹಾಕುವಂತಿಲ್ಲ, ಸೂಜಿ ಚುಚ್ಚಿಸುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ನನಗೆ ಪಿತ್ತ ನೆತ್ತಿಗೇರಿತು. "ಅಮ್ಮ ಆದ್ರೆ ಬಲು ಸಂತೋಸ, ಅವಳೂ ಆಟೋ ಹತ್ತಲಿ, ರಾಮನಗರಕ್ಕೆ ಹೋಗಮ" ಅಂದೆ. ಅವ್ವ ಬೈದಳು, ಅತ್ತಳು, ಕೊನೆಗೆ ಸೆರಗಿಗೆ ಒಂದು ಹಿಡಿ ಬೇವು ಕಟ್ಟಿಕೊಂಡು ನನಗಿಂತ ಮುಂಚೆ ಹತ್ತಿ ಕೂತಳು.

ಆಸ್ಪತ್ರೆಯ ಡಾಕ್ಟರಿಗೆ ಎರಡು ಮಾಸ್ಕು, ಮೇಲೊಂದು ಪ್ಲಾಸ್ಟಿಕ್ ಪರದೆ. ಮಾತು ಗಡಿಗೆಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಕೂಸಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, "ಅಮ್ಮನಿಗೆ ಆಗಿತ್ತಾ?" ಅಂದರು.

ಅವರು ಕೇಳಿದ್ದು ನನಗೆ ಕೊರೊನಾ ಆಗಿತ್ತಾ ಅಂತ. ಅವ್ವನ ಕಿವಿಗೆ ಬಿದ್ದದ್ದೇ ಬೇರೆ.

"ಆಗೈತೆ ಸ್ವಾಮಿ! ಮೈತುಂಬಾ ಆಗೈತೆ!"

"ಯಾವಾಗ?"

"ಇವತ್ತು ಬೆಳಗ್ಗೆಯಿಂದ."

ಡಾಕ್ಟರು ನನ್ನನ್ನು ನೋಡಿ ಪಕ್ಕನೆ ಹಿಂದೆ ಸರಿದರು. ಆ ಸಂಕಟದಲ್ಲೂ ನನಗೆ ನಗು ಬಂತು, ನೋಡಿ! "ಇವರು ಹೇಳ್ತಿರೋದು ಮಗೀನ ಮೈಮೇಲಿನ ಗುಳ್ಳೆ ಸಾರ್. ನನಗೆ ಎಂಟನೇ ತಿಂಗಳಲ್ಲಿ ಜ್ವರ ಬಂದು ವಾಸನೇನೇ ಹೋಗಿತ್ತು" ಅಂದೆ. ಅವ್ವ ನನ್ನ ತೋಳು ಚಿವುಟಿದಳು. ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆ ಸೀಲ್‌ಡೌನ್ ಮಾಡಿ ನಮ್ಮನ್ನೆಲ್ಲ ಎತ್ತಿಕೊಂಡು ಹೋದರೆ ರೇಷ್ಮೆಹುಳಕ್ಕೆ ಸೊಪ್ಪು ಹಾಕೋರು ಯಾರು?

ಆ ಜ್ವರದ ಮಾತಿನಿಂದಲೇ ಡಾಕ್ಟರಿಗೆ ದಾರಿ ಸಿಕ್ಕಿತು. ನನ್ನದೂ ಕೂಸಿನದೂ ಮೂಗಿನ ಪರೀಕ್ಷೆ, ರಕ್ತ ಪರೀಕ್ಷೆ ಆಯಿತು. ಮಗುವಿನಲ್ಲಿ ಈಗ ವೈರಸ್ಸಿಲ್ಲ, ಹೊಟ್ಟೆಯಲ್ಲಿದ್ದಾಗ ನನ್ನಿಂದ ಹೋದ, ರೋಗದ ಜೊತೆ ಹೊಡೆದಾಡೋ ಪ್ರತಿಕಾಯಗಳಿವೆ, ವೈರಸ್ಸಿನ ಮೇಲೆ ಏಳಬೇಕಾದ ರೊಚ್ಚು ಮಗುವಿನ ಮೇಲೇ ಎದ್ದು ಹೃದಯಕ್ಕೆ ಉರಿಯೂತ ಆಗಿರಬೇಕು ಅಂದರು.

"ನನ್ನಿಂದಲಾ ಸಾರ್?" ಅಂದೆ.

"ನಿಮ್ಮ ತಪ್ಪಲ್ಲಮ್ಮ. ನಿಮ್ಮ ಮೈ ಅವನನ್ನ ಕಾಯೋಕೇ ಅದನ್ನ ಕಳಿಸಿದ್ದು" ಅಂದರು ಪುಣ್ಯಾತ್ಮ.

ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಎಳೇ ಕೈಗೆ ಸೂಜಿ, ಮೂಗಿಗೆ ನಳಿಗೆ. ನಾನು ಹಾಲು ಹಿಂಡಿ ಕೊಟ್ಟರೆ ಅದು ನಳಿಗೆಯಲ್ಲಿ ಇಳಿಯುತ್ತಿತ್ತು. ಸೂಜಿ ಬೇಡವೆಂದಿದ್ದ ಅವ್ವ ನರ್ಸಿನ ಹಿಂದೆಯೇ ತಿರುಗುತ್ತಿದ್ದಳು. "ಇನ್ನೊಂದು ಬೇಕಾದ್ರೂ ಹಾಕು ತಾಯಿ, ಒಟ್ನಲ್ಲಿ ಉಳಿಸ್ಕೊಡು." ಅವಳ ಮೇಲಿದ್ದ ಸಿಟ್ಟೆಲ್ಲ ನನಗೆ ಅಲ್ಲೇ ಇಳಿದುಹೋಯಿತು.

ಜ್ವರ ಬಿಟ್ಟು, ಎದೆ ಬಡಿತ ಹದಕ್ಕೆ ಬಂದ ಮೇಲೆ ನರ್ಸು ಕೂಸನ್ನು ನನ್ನ ಮಡಿಲಿಗೆ ಹಾಕಿ, "ಒಸಿ ಕುಡಿಸಿ ನೋಡಿ" ಅಂದಳು. ತುಟಿ ಜಾರಿತು. ಮತ್ತೆ ಜಾರಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಕಚ್ಚಿಕೊಂಡು ಎಳೆದ ನೋಡಿ, "ಅಯ್ಯೋ!" ಅಂತ ಕಿರುಚಿಬಿಟ್ಟೆ.

ಅವ್ವ ಗಾಬರಿಬಿದ್ದು ಓಡಿ ಬಂದಳು. "ಏನಾಯ್ತಮ್ಮಿ?"

"ನೋಯ್ತದೆ ಕಣವ್ವ."

"ನೋಯ್ಲಿ" ಅಂದಳು ಅವ್ವ, ಬಿಕ್ಕಿ ಬಿಕ್ಕಿ ಅಳುತ್ತಾ. "ನೋಯ್ಲಿ ಬುಡು ಮಗ, ಇನ್ನೂ ಒಸಿ ನೋಯ್ಲಿ."