ಹಾಸು ದಾಟಿದ ಮೇಡಮ್

ನಮ್ಮದು ಹೊಂಬಳದಲ್ಲಿ ಹತ್ತಿ ಬೆಳೆಯುವ ಮನೆ. ಹತ್ತಿ ಬಿಡಿಸಿ ಗೊತ್ತು, ನೇಯ್ದು ಗೊತ್ತಿಲ್ಲ. ಅಂಥ ನಾನು ಬೆಟಗೇರಿಯ ಹೈಸ್ಕೂಲಿನಲ್ಲಿ, ನೇಕಾರರ ಮಕ್ಕಳಿಗೇ, ಶನಿವಾರ ಮಧ್ಯಾಹ್ನ ನೇಯ್ಗೆ ಕಲಿಸಲು ಹೊರಟಿದ್ದೆ. ಅದೂ ನಮ್ಮೂರಿನ ನೇಯ್ಗೆಯಲ್ಲ, ಘಾನಾ ದೇಶದ್ದು ಮತ್ತು ಯುರೋಪಿನ ಉತ್ತರದ ಕಡೆಯದ್ದು. ಮೊಬೈಲಿನಲ್ಲಿ ವಿಡಿಯೋ ನೋಡಿ ಒಂದು ವಾರ ಮುಂಚೆ ನಾನು ಕಲಿಯುತ್ತಿದ್ದೆ, ಅಷ್ಟೇ. ಧೈರ್ಯಕ್ಕೇನೂ ಕಡಿಮೆ ಇರಲಿಲ್ಲ.

ಯುರೋಪಿನ ಸೊಂಟಪಟ್ಟಿಗೆ ಮಗ್ಗ ಬೇಡ. ರಟ್ಟಿನ ತುಂಡುಗಳ ನಾಲ್ಕೂ ಮೂಲೆಗೆ ತೂತು ಹಾಕಿ, ನೂಲು ಪೋಣಿಸಿ, ರಟ್ಟು ತಿರುಗಿಸುತ್ತ ನೇಯಬೇಕು. ರಟ್ಟು ಕತ್ತರಿಸಲು ಬೇಜಾರಾಗಿ ನಾನು ಬಜಾರದಿಂದ ಇಸ್ಪೀಟ್ ಎಲೆ ತಂದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ ವಾರವಿಡೀ ಈ ಕ್ಲಾಸಿನದೇ ಧ್ಯಾನ. ಅವಳು ಮನೆಗೆ ಹೋಗಿ, 'ಮೇಡಮ್ ಇಸ್ಪೀಟ್ ಕೊಟ್ಟಾರ' ಅಂದುಬಿಟ್ಟಳು. ಮುಂದಿನ ಶನಿವಾರ ಅವಳ ಅಪ್ಪ ತಮ್ಮ ಟಂಟಂ ಆಟೋ ತಂದು ಗೇಟಿನ ಮುಂದೆ ನಿಲ್ಲಿಸಿದರು, ಮಗಳನ್ನು ಕ್ಲಾಸು ಬಿಡಿಸಿ ಕರೆದುಕೊಂಡು ಹೋಗಲು.

ಅವತ್ತು ಘಾನಾದ ಸರದಿ. ಅಲ್ಲಿನವರು ಹಾಸನ್ನು, ಅಂದರೆ ಉದ್ದದ ನೂಲನ್ನು, ದೂರಕ್ಕೆ ಚಾಚಿ ತುದಿಗೆ ಕಲ್ಲು ಹೇರುತ್ತಾರೆ. ನಮ್ಮ ಹಾಸು ವರಾಂಡದ ಕಂಬದಿಂದ ಬೇವಿನ ಮರದ ಬುಡದವರೆಗೆ, ಮೊಣಕಾಲಿಗಿಂತ ಕೆಳಗೆ, ಅಂಗಳಕ್ಕೆ ಅಡ್ಡವಾಗಿತ್ತು. ಹುಡುಗಿಯ ಅಪ್ಪ ಗೇಟು ದಾಟಿ ಬಂದು ಹಾಸಿನ ಆಚೆಯೇ ನಿಂತರು.

"ಮಗ್ಗ ಮಾರಿದ್ದು ಇಕಿ ಓದ್ಲಿ ಅಂತರಿ. ಇಸ್ಪೀಟ್ ಆಡ್ಲಿ ಅಂತ ಅಲ್ಲ."

ಹುಡುಗಿ ತಲೆ ಎತ್ತಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ಆಡಾಕ ಅಲ್ರಿ, ನೋಡ್ರಿ ಇಲ್ಲಿ" ಎಂದು ನೂಲು ಪೋಣಿಸಿದ ಎಲೆಗಳನ್ನು ಹಿಡಿದುಕೊಂಡು, ಹಾಸು ದಾಟಿ ಅವರೆದುರು ನಿಂತೆ.

ಅವರು ಎಲೆ ನೋಡಲೇ ಇಲ್ಲ, ನನ್ನ ಕಾಲು ನೋಡಿದರು. "ಹಾಸು ದಾಟಬಾರ್ದ್ರಿ ಮೇಡಮ್. ನಮ್ಮ ಮನ್ಯಾಗ ಕೂಸು ಸೈತ ದಾಟೂದಿಲ್ಲ."

ಆಗ ನೆನಪಾಯಿತು. ಕತ್ತರಿ ತರಬೇಕಾದರೂ ಹುಡುಗಿಯರು ಮರ ಸುತ್ತಿಯೇ ಹೋಗುತ್ತಿದ್ದರು. ಕಾಲಹರಣ ಮಾಡುತ್ತೀರೆಂದು ಅವರನ್ನು ಅರ್ಧ ತಾಸಿನ ಹಿಂದೆ ನಾನೇ ಬೈದಿದ್ದೆ. ಊಟದ ತಾಟಿಗೆ ಕಾಲು ತಾಗಿಸಿದಷ್ಟು ನಾಚಿಕೆಯಾಯಿತು.

"ತಪ್ಪಾತ್ರಿ" ಅಂದು ಮರ ಸುತ್ತಿ ವಾಪಸ್ ಬಂದೆ. ಅವರೂ ಚಪ್ಪಲಿ ಬಿಟ್ಟು ನನ್ನ ಹಿಂದೆಯೇ ಬಂದರು. ಎಲೆಗಳನ್ನು ಈಸಿಕೊಂಡು ಒಂದು ಸುತ್ತು ತಿರುಗಿಸಿದರು. ಕೆಳಗಿನ ನೂಲು ಮೇಲೆ ಬಂತು, ಮೇಲಿನದು ಕೆಳಗೆ ಹೋಯಿತು. ಇನ್ನೊಂದು ಸುತ್ತು ತಿರುಗಿಸಿದರು. ಆಮೇಲೆ ಹಾಸಿನ ಮೇಲೆ ಅಂಗೈ ಒತ್ತಿ, "ಸಡ್ಲ ಐತಿ" ಎಂದು ಮರದ ಬುಡಕ್ಕೆ ಹೋಗಿ ಇನ್ನೊಂದು ಕಲ್ಲು ಹೇರಿದರು.

ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದಳು.

"ಕುಂಡ್ರವ್ವಾ" ಅಂದರು ಅವರು, ಚಪ್ಪಲಿ ಮೆಟ್ಟುತ್ತ. "ಮುಂದಿನ ಶನಿವಾರ ಮೇಡಮ್ ಮತ್ತ ದಾಟಿದ್ರ ನನಗ ಬಂದು ಹೇಳು."