ರೆಕಾರ್ಡಿಗೆ ಇಟ್ಟ ಬೊಟ್ಟು

ನಿನ್ನೆ ಗಿಂಡಿ ಬಡಾವಣೆಯ ಕಾಫಿ ಅಂಗಡಿಯೊಂದರಲ್ಲಿ, ತುತ್ತೂರಿಗಳು ಕುಣಿಕುಣಿದು ಬರುವ ಸ್ಕಾ ಎಂಬ ವಿದೇಶಿ ಶೈಲಿಯ ಹಳೆಯ ಹಾಡೊಂದು ಕೇಳಿಸಿತು. ಲೋಟ ತುಟಿಯವರೆಗೆ ಬಂದು ನಿಂತುಬಿಟ್ಟಿತು.

ಕೀಲ್ಪಾಕಿನ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಬಳಿ ಅದೇ ಹಾಡಿನ ರೆಕಾರ್ಡ್ ಇತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ಗೆಳೆಯ ಲಂಡನ್ನಿನಿಂದ ತಂದುಕೊಟ್ಟದ್ದು. ಚಿಕ್ಕಪ್ಪ ಕೈ ತೊಳೆದು ಬಂದು, ಅಂಚನ್ನಷ್ಟೇ ಹಿಡಿದು, ಅದನ್ನು ಕಿಟಕಿಯ ಬೆಳಕಿಗೆ ಓರೆ ಮಾಡುತ್ತಿದ್ದ. "ನೋಡೇ, ಈ ಗೆರೆಯೊಳಗೆ ಇಡೀ ಬ್ಯಾಂಡೇ ಕೂತಿದೆ." ಗ್ರಾಮಫೋನಿನ ಮುಳ್ಳು ತಾಗಿದ್ದೇ ತಡ, ಅವರೆಲ್ಲ ಎದ್ದುಬಿಡುತ್ತಿದ್ದರು! ನಾನು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ.

ಒಂದು ಆಯುಧಪೂಜೆಯ ದಿನ ಅಜ್ಜಿ ಸುತ್ತಿಗೆ, ಸೈಕಲ್ಲು, ಹೊಲಿಗೆ ಮಿಷನ್ನಿಗೆಲ್ಲ ಗಂಧ ಕುಂಕುಮ ಹಚ್ಚಿ, ಆ ರೆಕಾರ್ಡಿನ ಗೆರೆಗಳ ಮೇಲೂ ಒಂದು ಬೊಟ್ಟು ಇಟ್ಟಳು.

"ಅಮ್ಮಾ!" ಚಿಕ್ಕಪ್ಪ ಚೀರಿದ.

"ದಿನಾ ದುಡಿಯತ್ತೆ, ಪಾವಂ, ಪಾಪದ್ದು. ಅದಕ್ಕೆ ಬೇಡ್ವೇನೋ?"

ಎಷ್ಟು ಒರೆಸಿದರೂ ಗಂಧ ಪೂರ್ತಿ ಹೋಗಲಿಲ್ಲ. ಅಂದಿನಿಂದ ಹಾಡಿನ ನಡುವೆ ಟಕ್, ಟಕ್ ಎಂಬ ಸದ್ದು. ಮುಖ ಊದಿಸಿಕೊಂಡು ಕೇಳುತ್ತಿದ್ದ ಚಿಕ್ಕಪ್ಪ ಕೊನೆಗೆ ನಕ್ಕುಬಿಟ್ಟ. "ಅಮ್ಮನೂ ಬ್ಯಾಂಡ್ ಸೇರಿದ್ಲು ಕಣೇ."

ನಿನ್ನೆ ಹಾಡಿನಲ್ಲಿ ಆ ಜಾಗ ಬಂದಾಗ ಕಿವಿಗೊಟ್ಟು ಕಾದೆ. ತುತ್ತೂರಿ, ಡ್ರಮ್ಮು ಎಲ್ಲ ಇದ್ದವು. ಅಜ್ಜಿ ಮಾತ್ರ ಇರಲಿಲ್ಲ.